ದೂರ ಹೋದಂತೆ ಸಣ್ಣಗಾಗುವ ದಾರಿ

ಜುಲೈ 14, ಸೋಮವಾರ

ಇಂದಿನಿಂದ ರಜೆ. ವಿಮಾ ಕಚೇರಿಯಲ್ಲಿ ಇಷ್ಟು ದೀರ್ಘ ರಜೆ ಕೇಳಿದಾಗ ಮ್ಯಾನೇಜರು, "ಮನೆಯಲ್ಲಿ ಮದುವೆಯೇನು?" ಎಂದರು. ಚಿತ್ರ ಬರೆಯುವುದಕ್ಕೆ ಎಂದೆ. ಅವರು ಅರ್ಜಿಯನ್ನು ನನ್ನ ಕಡೆ ತಳ್ಳಿ, ಅದರಲ್ಲಿ ಆರೋಗ್ಯದ ಕಾರಣ ಎಂದು ಬರೆಯಿರಿ ಎಂದರು. ಬರೆದೆ. ಇದು ಸುಳ್ಳೇ ಎಂದು ಆಟೋದಲ್ಲಿ ಯೋಚಿಸಿದೆ. ಪೂರ್ತಿ ಸುಳ್ಳಲ್ಲ ಎನಿಸಿತು.

ಲಿಂಗಸುಗೂರಿನ ಡ್ರಾಯಿಂಗ್ ಮಾಸ್ತರ ಇಶ್ತಿಯಾಕ್ ಆಗಸ್ಟಿನಲ್ಲಿ ಒಂದು ಪ್ರದರ್ಶನ ನಡೆಸುತ್ತಾರೆ. ವಿಷಯ, ನಮ್ಮ ಸೀಮೆಯ ಹಳೆಯ ದಾರಿಗಳು. ನನ್ನಿಂದ ಒಂದು ದೊಡ್ಡ ಚಿತ್ರ ಬೇಕಂತೆ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ನನ್ನ ಚಿತ್ರ ನಮ್ಮ ಮನೆಯದಲ್ಲದ ಗೋಡೆಗೆ ಏರಬೇಕು. ಖುಷಿಯಾಗಬೇಕಿತ್ತು. ಬೆಳಗಿನಿಂದ ಹೊಟ್ಟೆ ಮಾತ್ರ ಕೆಟ್ಟಿದೆ. ಅಷ್ಟರಮಟ್ಟಿಗೆ ಅರ್ಜಿ ನಿಜವಾಯಿತು.

ಹಿಂದೆ ಮಸ್ಕಿ ಗುಡ್ಡದ ಬುಡದ ಬಂಡಿದಾರಿಯನ್ನು ಬರೆದಿದ್ದೆ. ಬಂಡೆ, ಬಿಸಿಲು, ಎರಡು ಗಾಲಿಯ ಜಾಡು, ಅಷ್ಟೇ. ದಾರಿಯಲ್ಲಿ ಒಬ್ಬ ಮನುಷ್ಯ ಬಂದರೂ ನೋಡುವವರ ಕಣ್ಣು ಅವನ ಹಿಂದೆಯೇ ಹೋಗುತ್ತದೆ, ದಾರಿ ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ಆದ್ದರಿಂದ ನನ್ನ ದಾರಿಗಳಲ್ಲಿ ಯಾರೂ ಇರಬಾರದು.

ಈ ಸಲ ಸಾಲಗುಂದದ ಕಾಲುದಾರಿ. ಊರ ಹಿಂದಿನಿಂದ ಹೊರಟು, ಗದ್ದೆಗಳ ನಡುವೆ ಹಾದು, ಒಂದು ಬೇವಿನ ಮರ ದಾಟಿ ಕಾಲುವೆಯ ದಂಡೆ ಮುಟ್ಟುತ್ತದೆ. ಕಾಲುವೆಗೆ ನೀರು ಬಂದಿದೆ. ಗದ್ದೆಗಳಲ್ಲಿ ಅರ್ಧ ಆಕಾಶ, ಅರ್ಧ ಕೆಸರು.

ಜುಲೈ 16, ಬುಧವಾರ

ಸ್ಕೂಟರನ್ನು ಊರ ಅಂಚಿನಲ್ಲಿ ನಿಲ್ಲಿಸಿ, ಮೂರು ಕಾಲಿನ ಸ್ಟ್ಯಾಂಡು ಹೂಡಿದ್ದಷ್ಟೇ. ಎಲ್ಲಿಂದ ಬಂದರೋ, ಸುತ್ತ ಜನ.

"ಸರ್ವೇದವ್ರೇನ್ರಿ ಮೇಡಮ್?"

"ಅಲ್ಲ, ನಾನು ಈ ದಾರಿಯ ಚಿತ್ರ ಬರೆಯುತ್ತೇನೆ."

"ಹೂಂನ್ರಿ, ನಕಾಶಿ. ಅದನ್ನ ಕೇಳಿದ್ದು."

ಹೀಗೆ ಕೇಳಿದವನು ತಾಯಪ್ಪ. ದಾರಿಯ ಈಚೆ ಅರ್ಧ ಅವನ ಗದ್ದೆಯಲ್ಲಿ ಹಾಯುತ್ತದೆ. ಬೇವಿನ ಮರದ ಆಚೆಯ ಅರ್ಧ ಹನುಮಂತರಾಯರದು. ಅವರು ತಾಯಪ್ಪನ ಅಕ್ಕನ ಗಂಡ. ಇಬ್ಬರೂ ಮಾತು ಬಿಟ್ಟಿಲ್ಲ, ಆದರೆ ಆಡುವ ಮಾತೆಲ್ಲ ಬೈಗುಳ.

ದಾರಿ ಖಾಲಿಯಾಗಲಿ ಎಂದು ಕಾದೆ. ಆಗಲಿಲ್ಲ. ನಾಟಿ ಹಚ್ಚುವ ಹೆಂಗಸರ ಗುಂಪು ಒಬ್ಬರ ಹಿಂದೆ ಒಬ್ಬರು ಸಾಲಾಗಿ ಬಂತು, ತಲೆಯ ಮೇಲೆ ಬುತ್ತಿಗಂಟು. ಮುಂದಿದ್ದ ಜೋಗಮ್ಮ ಈ ಗುಂಪಿನ ಯಜಮಾನಿ. ಸ್ವಲ್ಪ ಆಚೆ ಸರಿಯಬಹುದೇ ಎಂದು ಕೇಳಿದೆ.

"ಎಲ್ಲಿ ಸರಿಯೋಣ್ರಿ ಮೇಡಮ್? ಈ ಕಡಿ ಕೆಸರು, ಆ ಕಡಿ ಕೆಸರು. ನೀವ ಸರೀರಿ, ನಿಮಗ ಮೂರು ಕಾಲಿನ ಕುದುರಿ ಐತಿ."

ಹಿಂದಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಜೋಗಮ್ಮ ಹೇಳಿದ್ದು: ಹಿಂದೆ ಇಲ್ಲಿ ಬಂಡಿ ಹೋಗುತ್ತಿತ್ತು. ಪ್ರತಿ ಸಲ ನಾಟಿಗೆ ಮೊದಲು ಗದ್ದೆಯವರು ಬದು ಕೆತ್ತುತ್ತಾರೆ, ಹುಲ್ಲು ತೆಗೆಯುವುದಕ್ಕೆ, ಇಲಿ ಬಿಲ ಮುಚ್ಚುವುದಕ್ಕೆ. ಕೆತ್ತಿದಾಗಲೊಮ್ಮೆ ದಾರಿಯ ಒಂದಿಷ್ಟು ಮೈ ಗದ್ದೆಗೆ ಸೇರುತ್ತದೆ. "ಇಬ್ಬರೂ ಕೆತ್ಯಾರ್ರಿ, ಕೇಳಿದ್ರ ಇಲಿ ಅಂತಾರ. ಇನ್ನೊಂದು ಸಲ ಕೆತ್ತಿದ್ರ ಈ ದಾರ್ಯಾಗ ಕೊಕ್ಕರಿ ಅಷ್ಟ ಹೋಗ್ತಾವ. ನಾವು ಡಾಂಬರ ರೋಡ್ ಸುತ್ತಿ ಹೋಗಬೇಕು, ಕತ್ತಲಾಗ ಎದ್ದು."

ನನಗೆ ಬೇಸರವಾಯಿತು. ಆದರೆ ಪ್ರಾಮಾಣಿಕವಾಗಿ ಬರೆಯಬೇಕೆಂದರೆ, ಆ ಕ್ಷಣ ನಾನು ನೋಡುತ್ತಿದ್ದದ್ದು ಅವರ ಹಿಂದಿನ ನೀರಿನ ಬಣ್ಣ.

ಜುಲೈ 17, ಗುರುವಾರ

ಮೋಡ. ದಾರಿ ಖಾಲಿ ಇತ್ತು, ಬೆಳಕು ಇರಲಿಲ್ಲ.

ಜುಲೈ 21, ಸೋಮವಾರ

ಚಿತ್ರ ಒಂದು ಹದಕ್ಕೆ ಬಂತು. ಊರ ಕಡೆಯ ತುದಿಯಲ್ಲಿ ನಿಂತು ಬರೆದದ್ದು. ಶಾಲೆಯಲ್ಲಿ ಸಿಸ್ಟರು ಕಲಿಸಿದ ಹಾಗೆ ದಾರಿ ನನ್ನ ಕಾಲ ಬಳಿ ಅಗಲವಾಗಿ ಶುರುವಾಗಿ, ಹೋಗುತ್ತ ಹೋಗುತ್ತ ಕಿರಿದಾಗಿ, ಕಾಲುವೆಯ ಹತ್ತಿರ ದಾರದ ಎಳೆಯಷ್ಟಾಗಿ ಮಾಯವಾಗುತ್ತದೆ. ಚೆನ್ನಾಗಿದೆ ಎನಿಸಿತು. ಹಾಗೆ ಎನಿಸಿದಾಗಲೆಲ್ಲ ನನಗೆ ಅನುಮಾನ ಬರುತ್ತದೆ. ಈ ಸಲ ಅನುಮಾನ ಬರುವ ಮೊದಲೇ ತಾಯಪ್ಪ ಬಂದ.

ಬಹಳ ಹೊತ್ತು ನೋಡಿದ. ನಂತರ ಊರ ಕಡೆ ತಿರುಗಿ ಕೂಗಿದ: "ಲೇ, ಬರ್ರಿಲ್ಲೇ! ಮೇಡಮ್ಮಾರು ಕಂಡುಹಿಡದಾರ! ನನ್ನ ಹೊಲದಾಗ ದಾರಿ ನೋಡ್ರಿ, ಹಾಸಿಗಿ ಹಾಸಿದಂಗೈತಿ. ಬೇವಿನಮರ ದಾಟಿ ಭಾವನ ಹೊಲಕ್ಕ ಕಾಲಿಟ್ಟಕೂಡ್ಲೆ ನೋಡ್ರಿ, ಸೊರಗಿ ಸೂಜಿ ಆಗೈತಿ! ತಿಂದಾನ!"

ದೂರ ಹೋದಂತೆ ಎಲ್ಲವೂ ಸಣ್ಣದಾಗಿ ಕಾಣುತ್ತದೆ ಎಂದು ವಿವರಿಸಿದೆ.

"ಯಾಕ ಆಗ್ತೈತ್ರಿ? ನಾ ವಾರಕ್ಕೊಮ್ಮೆ ಸಿಂಧನೂರಿಗೆ ಹೋಗ್ತೀನಿ. ಅಲ್ಲಿ ಮುಟ್ಟಿದಾಗ ಸಣ್ಣಾಗಿರ್ತೀನೇನು?"

ಆಗಿರುವುದಿಲ್ಲ ಎಂದು ಒಪ್ಪಿಕೊಂಡೆ. ಒಪ್ಪಿಕೊಂಡದ್ದೇ ತಪ್ಪಾಯಿತು. ಚಿತ್ರವನ್ನು ಮೆರವಣಿಗೆಯಲ್ಲಿ ಊರೊಳಗೆ ಒಯ್ದರು. ಚಹಾದಂಗಡಿಯಲ್ಲಿ ಇಟ್ಟಿದ್ದಾರಂತೆ, ಎಣ್ಣೆಯ ಬಾಣಲೆಯಿಂದ ದೂರ ಇಡಿ ಎಂದು ಮಾತ್ರ ಕೇಳಿಕೊಂಡೆ.

ಜುಲೈ 22, ಮಂಗಳವಾರ

ಬೆಳಿಗ್ಗೆ ಬಾಗಿಲು ತೆಗೆದರೆ ಹನುಮಂತರಾಯರು. ಬಿಳಿ ರುಮಾಲು, ಕೈಯಲ್ಲಿ ಒಂದು ಚೀಲ ಬದನೆಕಾಯಿ. ನನ್ನ ವಿಳಾಸ ಹೇಗೆ ಸಿಕ್ಕಿತು ಎಂದು ಕೇಳಲಿಲ್ಲ. ಸ್ಕೂಟರಿನ ಡಿಕ್ಕಿಯ ಮೇಲೆ ನಮ್ಮ ಕಚೇರಿಯ ಜಾಹೀರಾತು ಇದೆ, ಕಚೇರಿಯಲ್ಲಿ ಕೇಳಿದರೆ ಮನೆ ತೋರಿಸುತ್ತಾರೆ.

"ನಾನೂ ಎರಡು ಪಾಲಿಸಿ ಮಾಡಸೀನ್ರಿ ನಿಮ್ಮಲ್ಲಿ," ಎಂದು ಶುರುಮಾಡಿದರು. "ಅಷ್ಟಿದ್ದೂ ನನ್ನ ದಾರಿ ಸಣ್ಣ ಮಾಡಿದ್ರಿ."

ನನ್ನ ಗಂಡ ಶಿವಪ್ರಸಾದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಅವರಿಗೆ ಉತ್ಸಾಹ ಬಂತು. ಹೊಸ ರೈಲು ಹಳಿಯ ಉದಾಹರಣೆ ಕೊಟ್ಟರು: ಸ್ಟೇಶನ್ನಿನಲ್ಲಿ ನಿಂತು ನೋಡಿದರೆ ಎರಡೂ ಹಳಿ ದೂರದಲ್ಲಿ ಕೂಡಿದಂತೆ ಕಾಣುತ್ತವೆ, ಅಲ್ಲವೇ?

"ಆ ರೈಲಿನ್ಯಾಗ ನಾ ಹುಬ್ಬಳ್ಳಿತನಕ ಹೋಗಿ ಬಂದೀನ್ರಿ ಸರ. ಕಿಡಕ್ಯಾಗ ಕುಂತು ನೋಡೀನಿ. ಎಲ್ಲೂ ಕೂಡಲಿಲ್ಲ."

ಶಿವಪ್ರಸಾದ ಬದನೆಕಾಯಿ ಒಳಗಿಟ್ಟು ಬರುತ್ತೇನೆಂದು ಹೋದವರು ತಿರುಗಿ ಬರಲಿಲ್ಲ.

ಕಾಲುವೆಯ ಕಡೆಯಿಂದಲೂ ಒಂದು ಚಿತ್ರ ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಆ ಕಡೆ ಸಂಜೆಯ ಬೆಳಕೂ ಒಳ್ಳೆಯದು. ಇಬ್ಬರಿಗೂ ಸಮ ಆಗುತ್ತದೆ.

ಜುಲೈ 26, ಶನಿವಾರ

ಸಮ ಆಗಲಿಲ್ಲ.

ಈ ಚಿತ್ರದಲ್ಲಿ ಕಾಲ ಬಳಿ ಹನುಮಂತರಾಯರ ದಾರಿ ರಾಜಬೀದಿಯಂತಿದೆ. ತಾಯಪ್ಪನ ದಾರಿ ಊರ ಹತ್ತಿರ ಎಳೆಯಾಗಿದೆ. "ಈಗ ಖರೇ ಬಂತು ನೋಡ್ರಿ," ಎಂದು ಹನುಮಂತರಾಯರು ರುಮಾಲು ಸರಿಮಾಡಿಕೊಂಡರು. ಚಿತ್ರವನ್ನು ತಾವೇ ಹೆಗಲ ಮೇಲೆ ಹೊತ್ತರು. ಅವರ ಹೆಂಡತಿ ಗುರುಲಿಂಗಮ್ಮ ಹಿಂದಿನಿಂದ ಬರುತ್ತಿದ್ದರು. ಆ ದಾರಿಯಲ್ಲಿ ಹಿಂದಿನಿಂದಲೇ ಬರಬೇಕು. "ನಿಮ್ಮ ಚಿತ್ರ ನನಗ ಕಾಣಾಂಗಿಲ್ರಿ ಅಕ್ಕಾರ," ಎಂದರು. "ಮೂವತ್ತು ವರ್ಷದಿಂದ ಇವರ ಬೆನ್ನ ಕಾಣತೈತಿ."

ಎರಡು ಚಿತ್ರಗಳೂ ನನ್ನ ಕೈಯಲ್ಲಿಲ್ಲ. ಪ್ರದರ್ಶನಕ್ಕೆ ಏನು ಕಳಿಸಲಿ?

ಜುಲೈ 28, ಸೋಮವಾರ

ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ಹಿರಿಯರು ಕುಳಿತರು. ನಾನು ಬದುಕಿನಲ್ಲಿ ಕಂಡ ಮೊದಲ ಕಲಾ ಪ್ರದರ್ಶನ, ನನ್ನದೇ. ಜನ ಜಾಸ್ತಿ ಬಂದಿದ್ದರು. ಯಾರೂ ಬೆಳಕಿನ ಬಗ್ಗೆ ಮಾತಾಡಲಿಲ್ಲ. ನೀರಿನ ನೀಲಿಗೆ ನಾನು ನಾಲ್ಕು ದಿನ ಕಷ್ಟಪಟ್ಟದ್ದು ಒಬ್ಬರಿಗೂ ಕಾಣಲಿಲ್ಲ.

ಒಬ್ಬರು ಬೆಂಕಿಕಡ್ಡಿ ತೆಗೆದು ದಾರಿಯ ಮೇಲಿಟ್ಟು ಅಳೆದರು. ಮೊದಲ ಚಿತ್ರದಲ್ಲಿ ಹನುಮಂತರಾಯರ ತುದಿಗೆ ದಾರಿ ಕಡ್ಡಿಯ ಮದ್ದಿನಷ್ಟು. ಎರಡನೆಯದರಲ್ಲಿ ತಾಯಪ್ಪನ ತುದಿಗೂ ಮದ್ದಿನಷ್ಟು. ಹಿರಿಯರು ಪಿಸುಗುಟ್ಟಿಕೊಂಡು ತೀರ್ಪು ಕೊಟ್ಟರು: "ಇಬ್ಬರೂ ತಿಂದಾರ. ಸಮ ತಿಂದಾರ."

ತೀರ್ಪು ನಿಜವೇ. ಆದರೆ ಸಾಕ್ಷಿ ಪೂರ್ತಿ ಸುಳ್ಳು. ಇದನ್ನು ಹೇಳಬೇಕೇ ಎಂದು ನಾನು ಯೋಚಿಸುತ್ತಿರುವಾಗಲೇ ತಾಯಪ್ಪ ಎದ್ದು ನಿಂತ. "ದಾರಿ ಸೂಜಿ ಆಗೂವಷ್ಟು ನಾ ತಿಂದಿಲ್ಲ! ತಿಂದಾನ ಅನಿಸಿಕೊಂಡ ಮ್ಯಾಲ ಬಿಡೂದ್ಯಾಕ? ನಾಳಿನಿಂದ ತಿಂತೀನಿ!"

"ನೀ ಒಂದು ಗೇಣು ತಿಂದ್ರ ನಾ ಎರಡು ತಿಂತೀನಲೇ!" ಎಂದರು ಹನುಮಂತರಾಯರು.

ಜೋಗಮ್ಮ ಕಟ್ಟೆಯ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದಳು.

ಜುಲೈ 31, ಗುರುವಾರ

ಇಬ್ಬರೂ ಕೆತ್ತುತ್ತಿದ್ದಾರೆ. ಮಣ್ಣು ಅಗೆಯಬಾರದ ನಾಗರಪಂಚಮಿಯ ದಿನವೂ ಬಿಡಲಿಲ್ಲವಂತೆ. ನಿನ್ನೆ ಸಸಿಯ ಕಟ್ಟು ಹೊತ್ತ ಜೋಗಮ್ಮ ಬೇವಿನ ಮರದ ಹತ್ತಿರ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಿದ್ದಾಳೆ. ಕುಂಟುತ್ತಲೇ ಕೆಲಸಕ್ಕೆ ಹೋಗುತ್ತಿದ್ದಾಳೆ. ಇನ್ನೊಂದು ವಾರ ಹೀಗೇ ನಡೆದರೆ ದಾರಿ ಇರುವುದಿಲ್ಲ.

ಎರಡೂ ಮನೆಗಳಿಂದ ನನಗೆ ಪಂಚಮಿಯ ಉಂಡಿ ಬಂದಿವೆ. ತಾಯಪ್ಪನ ಮನೆಯದು ಎಳ್ಳು, ಹನುಮಂತರಾಯರ ಮನೆಯದು ಶೇಂಗಾ. ಎರಡನ್ನೂ ತಿನ್ನುತ್ತ ಕುಳಿತಿದ್ದೆ. ನನ್ನಿಂದ ಒಂದು ದಾರಿ ಹಾಳಾಯಿತು ಎಂದೆ. ಶಿವಪ್ರಸಾದ ಸಮಾಧಾನ ಮಾಡಿದರು: "ಹಾಗಲ್ಲ. ಅರ್ಧ ದಾರಿ ಒಂದು ಚಿತ್ರದಿಂದ ಹಾಳಾಯಿತು, ಅರ್ಧ ಇನ್ನೊಂದರಿಂದ."

ಎಳ್ಳುಂಡಿ ಹೆಚ್ಚು ಚೆನ್ನಾಗಿತ್ತು. ಇದನ್ನು ಎಲ್ಲೂ ಹೇಳಬಾರದು.

ಆಗಸ್ಟ್ 1, ಶುಕ್ರವಾರ

ಕ್ಷಮೆ ಕೇಳಬೇಕೆಂದು ಹೋದೆ. ಹೆಂಗಸರು ಕಾಲುವೆಯ ಹತ್ತಿರದ ಗದ್ದೆಯಲ್ಲಿದ್ದರು. ದಾರಿಯಲ್ಲಿ ಪಾದದ ಮುಂದೆ ಪಾದ ಇಟ್ಟು ನಡೆಯಬೇಕು. ಏನು ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. "ನನ್ನ ಉದ್ದೇಶ ಹಾಗಿರಲಿಲ್ಲ" ಎಂಬಲ್ಲಿಗೆ ಬಂದಿದ್ದೆ. ಬಿದ್ದೆ.

ಸೊಂಟದ ತನಕ ಕೆಸರು. ಚಪ್ಪಲಿ ಒಂದು ಕೆಳಗೇ ಉಳಿಯಿತು. ಜೋಗಮ್ಮನ ನಗು ಮೊದಲು ಕೇಳಿಸಿತು, ಜೋಗಮ್ಮ ಆಮೇಲೆ ಕಂಡಳು. "ಬಾ ಅಕ್ಕ, ನಾಟಿ ಹಚ್ಚಾಕ ಒಂದಾಳು ಕಮ್ಮಿ ಇತ್ತು!"

ಏಳಲು ಆಗಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದೆ. ಅಷ್ಟರಲ್ಲಿ ಗುಂಪು ಊಟಕ್ಕೆಂದು ದಾರಿ ಹತ್ತಿತು, ಒಬ್ಬರ ಹಿಂದೆ ಒಬ್ಬರು. ನಾನು ಕೆಳಗೆ, ದಾರಿ ನನ್ನ ಗಲ್ಲದ ಮಟ್ಟದಲ್ಲಿ, ಎಡತುದಿಯಿಂದ ಬಲತುದಿಗೆ ಒಂದೇ ಗೆರೆ. ಅದರ ಮೇಲೆ ಇವರು, ಆಕಾಶಕ್ಕೆ ಅಂಟಿಸಿದ ಹಾಗೆ. ತಾಯಪ್ಪನ ಅರ್ಧದಲ್ಲೂ ಅಷ್ಟೇ, ಹನುಮಂತರಾಯರ ಅರ್ಧದಲ್ಲೂ ಅಷ್ಟೇ. ಯಾರ ದಾರಿಯೂ ಸಣ್ಣದಾಗಲಿಲ್ಲ.

"ಜೋಗಮ್ಮ," ಎಂದೆ, "ಸ್ವಲ್ಪ ಹಿಂದಕ್ಕೆ ಹೋಗಿ, ಮತ್ತೊಮ್ಮೆ ನಡೆದು ಬನ್ನಿ."

"ಕಾಲು ಉಳುಕಿದಾಕಿಗೆ ಹೇಳ್ತಿಯಲ್ಲ," ಎಂದಳು. ಆದರೆ ನಡೆದಳು.

ಆಗಸ್ಟ್ 4, ಸೋಮವಾರ

ಈಗ ಗದ್ದೆಯ ಒಳಗೆ, ಕೆಸರಿನಲ್ಲಿ ಸ್ಟ್ಯಾಂಡು. ಅಗಲದ ಕ್ಯಾನ್ವಾಸು. ಜೋಗಮ್ಮನ ಗುಂಪು ಚಿತ್ರದೊಳಗೇ ಬಂದುಬಿಟ್ಟಿತು: ಜೋಗಮ್ಮನ ಕುಂಟು, ಸಕೀನಾಬೀಯ ಹಸಿರು ಕುಪ್ಪಸ, ಶೇಖಮ್ಮ ನಡೆಯುತ್ತಲೇ ಎಲೆಅಡಿಕೆ ಹಾಕಿಕೊಳ್ಳುವ ರೀತಿ. ಶೇಖಮ್ಮನ ಕತ್ತನ್ನು ಮೂರು ಸಲ ಅಳಿಸಿ ಬರೆದೆ. ಬೇವಿನ ಮರಕ್ಕೆ ಜಾಗ ಸಾಲಲಿಲ್ಲ, ತೆಗೆದುಬಿಟ್ಟೆ.

ಚಿತ್ರದಲ್ಲಿ ಜನ ಇದ್ದಾರೆಂಬ ಸುದ್ದಿ ಹಬ್ಬಿತು. ಸಂಜೆಯ ಹೊತ್ತಿಗೆ ಹನುಮಂತರಾಯರು ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದರು. ತಮ್ಮ ಹೊಲದ ದಾರಿಯಲ್ಲಿ ತಾವಿಲ್ಲದಿದ್ದರೆ ಹೇಗೆ? ಗುರುಲಿಂಗಮ್ಮನೂ ಬಂದಿದ್ದರು.

"ನಡೀರಿ, ಇಬ್ಬರೂ ನಡೆದು ಬರ್ರಿ," ಎಂದೆ.

ಹನುಮಂತರಾಯರು ಹೊರಟರು. ಗುರುಲಿಂಗಮ್ಮ ಹೊರಡಲಿಲ್ಲ.

"ನಾ ಹಿಂದ ಬರಂಗಿಲ್ಲ."

"ಮುಂದ ಹೋಗತಿ ಏನು ಮತ್ತ?"

"ಮುಂದೂ ಹೋಗಂಗಿಲ್ಲ. ಬಾಜೂಕ ಬರ್ತೀನಿ. ಮದುವಿ ಫೋಟೋದಾಗೂ ನಿಮ್ಮವ್ವ ನಟ್ಟನಡು ಕುಂತಾಳ. ಈ ಚಿತ್ರದಾಗ ಬಾಜೂಕ ಇದ್ರ ಇರ್ತೀನಿ, ಇಲ್ಲಂದ್ರ ನಿಮ್ಮ ಉಂಡಿ ನೀವ ಕಟ್ಟಿಗೊಳ್ರಿ."

"ಲೇ, ಇಬ್ಬರಿಗೆ ಇಲ್ಲಿ ಜಾಗ ಎಲ್ಲೈತಿ?"

"ಎಲ್ಲಿ ಹೋತು ಅದು?" ಎಂದು ಗುರುಲಿಂಗಮ್ಮ ಕೇಳಿದರು.

ಹೆಂಗಸರು ಯಾರೂ ನಗಲಿಲ್ಲ. ಅದಕ್ಕೇ ಹನುಮಂತರಾಯರಿಗೆ ಕಷ್ಟವಾಯಿತು.

ಆಗಸ್ಟ್ 6, ಬುಧವಾರ

ಹನುಮಂತರಾಯರು ಆಳು ಹಚ್ಚಿ ದಾರಿಗೆ ಮಣ್ಣು ಹಾಕಿಸಿದ್ದಾರೆ. ಗಂಡ ಹೆಂಡತಿ ಬಾಜೂಕ ಬಾಜೂಕ ನಡೆದು ನೋಡಿದರು. ಹಸಿಮಣ್ಣು ಕುಸಿದು ಹನುಮಂತರಾಯರು ಗದ್ದೆಗೆ ಇಳಿದರು. ಅವರ ಕೈ ಹಿಡಿದಿದ್ದ ಗುರುಲಿಂಗಮ್ಮ ಕೈ ಬಿಟ್ಟದ್ದು ಸಮಯಕ್ಕೆ ಸರಿಯಾಗಿತ್ತು. ಬರೀ ಮಣ್ಣು ನಿಲ್ಲುವುದಿಲ್ಲ, ಕಲ್ಲುಹರಳು ಬೆರೆತ ಗರಸು ಬೇಕು ಎಂದು ಒಂದು ಟ್ರ್ಯಾಕ್ಟರ್ ಗರಸು ಹೊಡೆಸಿದರು.

ಇದನ್ನು ಕಂಡು ತಾಯಪ್ಪ ಓಡಿ ಬಂದ. "ಅಕ್ಕಾರ, ಭಾವ ಹೆಂಡ್ತಿ ಕೂಡ ಬರ್ತಾನ ಅಂದ್ರ ನಾ ಜೋಡೆತ್ತು ಕೂಡ ಬರ್ತೀನಿ."

ತಾಯಪ್ಪನ ಎತ್ತುಗಳನ್ನು ಊರವರೆಲ್ಲ ಹೊಗಳುತ್ತಾರೆ. ಅವನ್ನು ಬಿಟ್ಟು ಅವನಿಗೆ ಇನ್ನೊಂದು ಸೊಕ್ಕಿಲ್ಲ.

"ಒಂದರ ಹಿಂದೆ ಒಂದು?"

"ನಮ್ಮ ಎತ್ತು ಹಂಗ ನಡಿಯಂಗಿಲ್ರಿ. ನೊಗ ಇರಲಿ ಬಿಡಲಿ, ಜೋಡಿ ಅಂದ್ರ ಜೋಡಿ."

ಅವನೂ ಗರಸು ತರಿಸಿದ, ಎರಡು ಟ್ರ್ಯಾಕ್ಟರ್. ಹನುಮಂತರಾಯರು ಅದನ್ನು ನೋಡಿ ಇನ್ನೊಂದು ಟ್ರ್ಯಾಕ್ಟರ್ ತರಿಸಿದರು. ಗುರುಲಿಂಗಮ್ಮನ ಸೀರೆಯ ನೆರಿಗೆಗೆ ಜಾಗ ಬೇಕಂತೆ.

ನನ್ನ ಸೊಗಸಾದ ಕಾಲುದಾರಿ ಹೋಗಿ ಜಾತ್ರೆಗೆ ಬಂಡಿ ಹೋಗುವಂಥ ದಾರಿಯಾಗಿದೆ. ಬೇಸರಪಡಬೇಕು. ಆದರೆ ಸಕೀನಾಬೀಯ ಕುಪ್ಪಸದ ಹಸಿರು ಇನ್ನೂ ಕೂಡಿ ಬಂದಿಲ್ಲ, ಇವತ್ತೆಲ್ಲ ಅದೇ ಚಿಂತೆ.

ಆಗಸ್ಟ್ 8, ಶುಕ್ರವಾರ

ಲಿಂಗಸುಗೂರಿನಿಂದ ಫೋನು. "ಎಲ್ಲಿದ್ದೀರಿ ಮೇಡಮ್, ಗೋಡೆ ಖಾಲಿ ಇಟ್ಟಿದ್ದೇನೆ," ಎಂದರು ಇಶ್ತಿಯಾಕ್. ಯಾವ ಗೋಡೆ ಎಂದು ಕೇಳಿಬಿಟ್ಟೆ. ಆಮೇಲೆ ಮಸ್ಕಿಯ ಬಂಡಿದಾರಿಯ ಚಿತ್ರವನ್ನೇ ಹಾಕಿಕೊಳ್ಳಿ ಎಂದೆ, ಬಸ್ಸಿನಲ್ಲಿ ಕಳಿಸುತ್ತೇನೆ. ಉದ್ಘಾಟನೆಗೆ ಬರಲು ಆಗುವುದಿಲ್ಲ, ಅವತ್ತು ನಮ್ಮ ನಾಟಿ.

ಆಗಸ್ಟ್ 10, ಭಾನುವಾರ

ಕಾಲುವೆಯ ಕಡೆಯಿಂದ ನಾಟಿ ಮುಂದುವರಿದಿದೆ. ಗದ್ದೆ ಗದ್ದೆಗೂ ಜೋಗಮ್ಮ ಮೊದಲ ಸಾಲನ್ನು ದಾರಿಯ ಹೊಸ ಅಂಚಿಗೇ ಹಚ್ಚಿಸುತ್ತಿದ್ದಾಳೆ. "ಗರಸು ಬಿದ್ದ ಮಣ್ಣಾಗ ಇನ್ನ ಭತ್ತ ಏಳಂಗಿಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿದಳು. "ಸಸಿ ಹಚ್ಚಿದ ಮ್ಯಾಲ ಯಾರೂ ಬದು ಕೆತ್ತಂಗಿಲ್ಲ. ತಾವ ಹಾಕ್ಯಾರ, ತಾವ ತೆಗೀಬೇಕು. ತೆಗೀಲಿ ನೋಡೋಣ." ಹೆಂಗಸರು ಈಗ ಇಬ್ಬಿಬ್ಬರಾಗಿ ಬರುತ್ತಾರೆ, ಮಾತಾಡಿಕೊಂಡು. ಅದರಿಂದ ತಡವಾಗುತ್ತದೆ ಎಂದು ಹನುಮಂತರಾಯರು ಗೊಣಗಿದರು.

ಚಿತ್ರ ಮುಗಿದಿದೆ. ಬಟ್ಟೆ ಮುಚ್ಚಿ ಇಟ್ಟಿದ್ದೇನೆ.

ಬಾಜೂನಿಂದ ನೋಡಿದರೆ ದಾರಿ ಒಂದು ಗೆರೆ. ಅದು ಗೇಣಗಲವಿದ್ದರೂ ಅದೇ ಗೆರೆ, ಊರಗಲವಿದ್ದರೂ ಅದೇ ಗೆರೆ. ನಾಲ್ಕು ಟ್ರ್ಯಾಕ್ಟರ್ ಗರಸು ಚಿತ್ರದಲ್ಲಿ ಎಲ್ಲೂ ಇಲ್ಲ. ನಾನು ಯಾವ ಕಡೆ ಕೂರುತ್ತೇನೆಂದು ಗುರುಲಿಂಗಮ್ಮ ಮೊದಲೇ ಕೇಳಿಕೊಂಡು ಆ ಕಡೆಯೇ ನಡೆದರು. ರೇಷ್ಮೆ ಸೀರೆ, ಕಿವಿಯ ಬುಗುಡಿ, ಎಲ್ಲ ಬಂದಿದೆ. ಅವರ ಬಾಜೂಕ ಹನುಮಂತರಾಯರ ರುಮಾಲು ಮಾತ್ರ ಕಾಣುತ್ತದೆ. ತಾಯಪ್ಪನ ಜೋಡೆತ್ತು ನೋಡುವವರಿಗೆ ಎಂಟು ಕಾಲಿನ ಒಂದೇ ಎತ್ತು.

ಇದನ್ನು ಅವರಿಗೆ ಹೇಳದಿರುವುದು ಮೋಸವೇ ಎಂದು ಬೆಳಿಗ್ಗೆಯಿಂದ ಯೋಚಿಸಿದೆ. ಅಷ್ಟರಲ್ಲಿ ಭಾವಮೈದುನರಿಬ್ಬರೂ ಕೂಡಿಯೇ ಬಂದರು. ತಾಯಪ್ಪ ಬಟ್ಟೆಯ ಅಂಚಿಗೆ ಕೈ ಹಾಕಿದ.

"ಅಕ್ಕಾರ, ಒಂದ ಮಾತು. ದಾರಿ ನನ್ನ ಕಡಿ ಎಷ್ಟು ಅಗಲ ಬಂದೈತಿ, ಭಾವನ ಕಡಿ ಎಷ್ಟು?"

"ಕೈ ತಗಿಯೋ ತಾಯಪ್ಪ, ಬಣ್ಣ ಇನ್ನೂ ಹಸಿ ಐತಿ," ಎಂದೆ. "ನಾಟಿ ಮುಗೀಲಿ, ಇಬ್ಬರಿಗೂ ಕೂಡೇ ತೋರಸ್ತೀನಿ."

ನನ್ನ ಬಣ್ಣ ಅರ್ಧ ತಾಸಿನಲ್ಲಿ ಒಣಗುವಂಥದ್ದು.